ವಾಣಕ್ಕೆ ಕೊಟ್ಟ ಚಮಚಗಳು

ನಾಗಪುರ
9 ಫೆಬ್ರವರಿ 2025, ರವಿವಾರ

ಪ್ರೀತಿಯ ನೀಲಾಳಿಗೆ,

ನಿನ್ನ ಜಯಕ್ಕ ಮನಸಾರೆ ಮಾಡುವ ಆಶೀರ್ವಾದಗಳು.

ದೀಪಾವಳಿಗೆ ನೀನು ಬರೆದ ಪತ್ರಕ್ಕೆ ಶಿವರಾತ್ರಿ ಹತ್ತಿರ ಬಂದಾಗ ಉತ್ತರ ಬರೆಯುತ್ತಿದ್ದೇನೆ. ಬೈಯಬೇಡ. ಎಡಗೈ ಹೆಬ್ಬೆರಳಿನ ಮೇಲೆ ಸುತ್ತಿಗೆ ಬಿದ್ದು ಉಗುರು ಕಪ್ಪಾಗಿ, ಕೀವು ತುಂಬಿ, ಮೊನ್ನೆ ಬುಡಸಮೇತ ಕಳಚಿಬಿತ್ತು. ಬಿದ್ದದ್ದಾದರೂ ಎಲ್ಲಿ ಅಂತೀ? ಚಪಾತಿ ಹಿಟ್ಟು ನಾದುತ್ತಿದ್ದ ಪರಾತದಲ್ಲಿ! ಅಷ್ಟೂ ಹಿಟ್ಟನ್ನು ದನಕ್ಕೆ ಹಾಕಲೂ ಮನಸ್ಸಾಗದೆ ಕಸಕ್ಕೆ ಸುರಿದೆ. ಬರೆಯುವುದು ಬಲಗೈಯಿಂದ ತಾನೇ, ಎಡಗೈಗೆ ಪೆಟ್ಟಾದರೆ ಪತ್ರಕ್ಕೇನು ಅಡ್ಡಿ ಎಂದು ನೀನು ಕೇಳಿಯೇ ಕೇಳುತ್ತೀ. ಶಾಲೆಯ ಅಕ್ಕೋರು ನೀನು, ನಿನ್ನೆದುರು ನೆವ ನಡೆಯುವುದಿಲ್ಲ. ನಿಜ ಹೇಳಬೇಕೆಂದರೆ ಮನಸ್ಸು ಕೆಟ್ಟಿತ್ತು. ಈಗಲೂ ಕೆಟ್ಟೇ ಇದೆ.

ಫೋನ್ ಯಾಕೆ ಮಾಡಲಿಲ್ಲ ಎನ್ನಬೇಡ. ಈ ಮನೆಯಲ್ಲಿ ಒಂದು ಕೋಣೆಯಲ್ಲಿ ಕೆಮ್ಮಿದರೆ ಇನ್ನೊಂದು ಕೋಣೆಯಲ್ಲಿ ಕಫದ ಬಣ್ಣ ಕೇಳುತ್ತಾರೆ. ಪತ್ರವಾದರೆ ಊಟದ ಮೇಜಿನ ಮೇಲೆ ಬಿಚ್ಚಿಟ್ಟು ಹೋದರೂ ಚಿಂತೆಯಿಲ್ಲ. ಸೊಸೆ ತೇಜಶ್ರೀಗೆ ಕನ್ನಡ ಮಾತು ಬಂದರೂ ಓದಲು ಒಂದಕ್ಷರ ಬಾರದು, ಇಲ್ಲೇ ಹುಟ್ಟಿ ಮರಾಠಿ ಶಾಲೆಯಲ್ಲಿ ಕಲಿತ ಹುಡುಗಿ. ಮಗ ಪ್ರಭುದೇವನಿಗೆ ನೀನೇ ತೊಡೆಯ ಮೇಲೆ ಕೂರಿಸಿಕೊಂಡು ತಿದ್ದಿಸಿದ ಅ ಆ ಇ ಈ ಅಷ್ಟೇ ಉಳಿದಿದೆ. ಹಾಗಾಗಿ ಧೈರ್ಯವಾಗಿ ಬರೆಯುತ್ತೇನೆ. ಒಂದೇ ಮನೆಗೆ ಸೊಸೆಯಂದಿರಾಗಿ ಬಂದವರು ನಾವು, ಮಹಾಲ್ ಪೇಟೆಯ ಆ ಇಕ್ಕಟ್ಟಿನ ವಾಡೆಯಲ್ಲಿ ಒಂದೇ ಒಲೆಯ ಹೊಗೆ ಕುಡಿದವರು. ನಿನಗೆ ಹೇಳದೆ ಯಾರಿಗೆ ಹೇಳಲಿ.

ಸುತ್ತಿಗೆ ಹಿಡಿದು ನಾನೇನು ಮಾಡುತ್ತಿದ್ದೆ ಎಂಬುದನ್ನು ಮೊದಲು ಹೇಳುತ್ತೇನೆ.

ನಿನ್ನ ಭಾವ ತೀರಿಕೊಂಡ ಮೇಲೆ ಹಿಂಗಣಾ ರಸ್ತೆಯ ಈ ಮನೆಯ ಗಚ್ಚಿಯ ಮೇಲೆ ಕುಂಡಗಳನ್ನು ಇಟ್ಟಿದ್ದೇನೆ ಎಂದು ಬರೆದಿದ್ದೆನಲ್ಲ. ಈಗ ಅವು ಅರವತ್ತರ ಹತ್ತಿರ ಆಗಿವೆ. ಹೋದ ಮಳೆಗಾಲದಲ್ಲಿ ಸೊಲ್ಲಾಪುರಕ್ಕೆ ಮದುವೆಗೆ ಹೋದಾಗ ನೀರು ಹಾಕುವ ಕೆಲಸ ಪ್ರಭುವಿಗೆ ಒಪ್ಪಿಸಿದ್ದೆ. ಮಗರಾಯ ನೀರನ್ನಷ್ಟೇ ಹಾಕಲಿಲ್ಲ, ಕಳೆಯನ್ನೂ ಕಿತ್ತ. ನಾನು ಮಕ್ಕಳ ಹಾಗೆ ಸಾಕಿದ ಗವತಿ ಚಹಾದ ನಿಂಬೆಹುಲ್ಲನ್ನು ಬೇರುಸಮೇತ ಎಳೆದು ಬಿಸಾಕಿ, ಅದರ ಪಕ್ಕದಲ್ಲಿ ಎದ್ದಿದ್ದ ಪಾರ್ಥೇನಿಯಂ ಕಳೆಗೆ ಕೋಲು ಕಟ್ಟಿ ಆಸರೆ ಕೊಟ್ಟು ಗೊಬ್ಬರ ಹಾಕಿದ್ದ. ಕೇಳಿದರೆ, "ಬರೋಬರ್ ಮಾಡೀನಿ ಅಂತ ತಿಳಕೊಂಡಿದ್ದೆ ಅವ್ವಾ, ಅದಕ್ಕ ಹೂ ಇದ್ವು" ಎಂದ. ಅವತ್ತೇ ತೀರ್ಮಾನಿಸಿದೆ, ಪ್ರತಿ ಕುಂಡಕ್ಕೂ ಒಂದೊಂದು ಹೆಸರು ಚುಚ್ಚಿಡಬೇಕು.

ನರ್ಸರಿಯಲ್ಲಿ ಸಿಗುವ ಪ್ಲಾಸ್ಟಿಕ್ ಪಟ್ಟಿಗಳು ನಮ್ಮ ಬಿಸಿಲಿಗೆ ಒಂದು ಬೇಸಿಗೆ ತಡೆಯಲಿಲ್ಲ, ಮುಟ್ಟಿದರೆ ಹಪ್ಪಳ. ಐಸ್‌ಕ್ರೀಮ್ ಕಡ್ಡಿಗಳನ್ನು ಹಚ್ಚಿದರೆ ಕೊಳೆತು ಲೋಳೆಯಾದವು. ಅಷ್ಟರಲ್ಲಿ ಪ್ರಭುವಿನ ಕಾರ್ಖಾನೆಯ ಹಳೆಯ ಕ್ಯಾಂಟೀನ್ ಮುಚ್ಚಿ ಅಲ್ಲಿಯ ಸಾಮಾನನ್ನೆಲ್ಲ ಭಂಗಾರಕ್ಕೆ, ಅಂದರೆ ಗುಜರಿಗೆ, ಹಾಕುವವರಿದ್ದರು. ಅವನು ಒಂದು ಚೀಲ ಚಮಚ ಹೊತ್ತು ತಂದ. ನೀಲಾ, ಆ ಚೀಲ ಬಿಚ್ಚಿದಾಗ ಬಂದ ವಾಸನೆಯನ್ನು ಏನಂತ ಬರೆಯಲಿ. ಯಾರ ಯಾರದೋ ಬಾಯಿಗೆ ಹೋಗಿ ಬಂದು, ತೊಳೆಯದೆ ವರ್ಷಗಟ್ಟಲೆ ಬಿದ್ದಿದ್ದ ಚಮಚಗಳು. ಹಿಡಿಕೆಯ ಸಂದಿಯಲ್ಲಿ ಒಣಗಿದ ಬೇಳೆ, ಗುಂಡಿಯಲ್ಲಿ ಜಿಡ್ಡು, ನಡುವೆ ಸತ್ತ ಜಿರಲೆಗಳು. ನನ್ನ ಸ್ವಭಾವ ನಿನಗೆ ಗೊತ್ತು, ಬೇರೆಯವರ ಲೋಟದಲ್ಲಿ ನೀರು ಕುಡಿಯಲೂ ಹೇಸುವವಳು. ಮೂಗಿಗೆ ಸೆರಗು ಕಟ್ಟಿಕೊಂಡು ಗಚ್ಚಿಯ ಮೇಲೆ ಹಳೆಯ ಡಬ್ಬಿಯಲ್ಲಿ ಸೋಡಾ ಹಾಕಿ ಕುದಿಸಿದೆ. ಅಲ್ಯುಮಿನಿಯಂ ಚಮಚಗಳೆಲ್ಲ ಇದ್ದಿಲಾದವು! ಆಮೇಲೆ ಹುಣಸೆಹಣ್ಣು ಹಚ್ಚಿ ತಿಕ್ಕಿದೆ, ಬೆಳ್ಳಿಯ ಹಾಗೆ ಬಂದವು.

ನಿನ್ನ ಭಾವ ಖಾಪರಖೇಡಾದ ವಿದ್ಯುತ್ ಸ್ಥಾವರದಲ್ಲಿ ಫಿಟ್ಟರ್ ಆಗಿದ್ದಾಗಿನ ಸುತ್ತಿಗೆ, ತಗಡು ಕತ್ತರಿಸುವ ಕತ್ತರಿ ಪೆಟ್ಟಿಗೆಯಲ್ಲೇ ಇದ್ದವು. ಚಮಚದ ಗುಂಡಿಯನ್ನು ಬಡಿದು ಚಪ್ಪಟೆ ಮಾಡಿ, ಅಂಚನ್ನು ಎಲೆಯ ಆಕಾರಕ್ಕೆ ಕತ್ತರಿಸಿ, ಮೊಳೆಯಿಂದ ಚುಕ್ಕೆ ಚುಕ್ಕೆಯಾಗಿ ಹೆಸರು ಹೊಡೆಯುವುದು. ಪಾತ್ರೆ ಅಂಗಡಿಯಲ್ಲಿ ಹೆಸರು ಹಾಕಿಕೊಡುತ್ತಾರಲ್ಲ, ಅದೇ ರೀತಿ. ಸುತ್ತಲೂ ಎನಾಮಲ್ ಬಣ್ಣದಲ್ಲಿ ಬಳ್ಳಿ, ಮೊಗ್ಗು. ಹಿಡಿಕೆಗೆ ತಾಮ್ರದ ತಂತಿ ಸುತ್ತಿ, ತುದಿಗೆ ಒಂದು ಗಾಜಿನ ಮಣಿ. ಹಿಡಿಕೆಯನ್ನು ಮಣ್ಣಿಗೆ ಚುಚ್ಚಿದರೆ ಗಿಡದ ಪಕ್ಕದಲ್ಲಿ ಇನ್ನೊಂದು ಗಿಡ ಹುಟ್ಟಿದ ಹಾಗೆ ಕಾಣುತ್ತದೆ. ಹೊಗಳಿಕೊಳ್ಳುತ್ತಿದ್ದೇನೆ ಎಂದುಕೋ, ಪರವಾಗಿಲ್ಲ. ಎರಡು ವರ್ಷದಿಂದ ಸುಮ್ಮನೆ ಗೋಡೆ ನೋಡುತ್ತಿದ್ದವಳಿಗೆ ಬೆಳಗಾದರೆ ಎದ್ದು ಮಾಡಬೇಕಾದ ಒಂದು ಕೆಲಸ ಸಿಕ್ಕಿತ್ತು.

ಡಿಸೆಂಬರಿನಲ್ಲಿ ಒಂದು ದಿನ ತೇಜಶ್ರೀ ಬಟ್ಟೆ ಒಣಗಿಸಲು ಬಂದವಳು ಬಕೆಟ್ ಅಲ್ಲೇ ಬಿಟ್ಟು ಕುಂಡದ ಮುಂದೆ ಕುಕ್ಕರಗಾಲಿನಲ್ಲಿ ಕೂತಳು.

"ಅತ್ತಿ, ಕಿತೀ ಛಾನ್! ಎಷ್ಟ ಚಂದ ಅದಾವ್ರಿ! ಈ ಸಲ ಹಳದಿ-ಕುಂಕುಕ್ಕ ಇವನ್ನ ವಾಣ ಕೊಡೋಣ್ರಿ. ಎಲ್ಲಾರೂ ಅವೇ ಪ್ಲಾಸ್ಟಿಕ್ ಡಬ್ಬಿ ಕೊಡ್ತಾರ. ನಮ್ಮದು ಏಕದಂ ಅಲಗ್ ಆಗ್ತೈತಿ" ಎಂದಳು.

ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಇಲ್ಲಿಯ ಹೆಂಗಸರು ಮುತ್ತೈದೆಯರನ್ನು ಕರೆದು ಅರಿಶಿನ ಕುಂಕುಮ ಹಚ್ಚಿ, ಎಳ್ಳುಬೆಲ್ಲ ಕೊಟ್ಟು, ಕೈಗೊಂದು ಸಣ್ಣ ಸಾಮಾನು ಇಡುವುದನ್ನು ನೀನು ಮರೆತಿರಲಾರೆ. ಆ ಸಾಮಾನಿಗೇ ವಾಣ ಎನ್ನುವುದು. ನಲವತ್ತೈದು ಬೇಕೆಂದಳು. ನಾನು ಉಬ್ಬಿಹೋದೆ. ಸೊಸೆ ನನ್ನ ಕೈಕೆಲಸವನ್ನು ನಾಲ್ಕು ಜನರ ಮುಂದೆ ಇಡುತ್ತಾಳೆ ಎಂದು ಒಳಗೊಳಗೇ ಕುಣಿದೆ. ಇಪ್ಪತ್ತು ದಿನ ಕೂತು ತುಳಸ, ಮೊಗ್ರಾ, ಗುಲಾಬ್, ಕಡಿಪತ್ತಾ ಎಂದು ಅವರ ಮರಾಠಿಯಲ್ಲೇ ಹೆಸರು ಹೊಡೆದೆ. ನಲವತ್ತೊಂದನೆಯದನ್ನು ಬಡಿಯುವಾಗ ಹೆಬ್ಬೆರಳು ಜಜ್ಜಿತು. ಬಟ್ಟೆ ಸುತ್ತಿಕೊಂಡು ಉಳಿದ ನಾಲ್ಕನ್ನೂ ಮುಗಿಸಿದೆ.

ಜನವರಿ ಇಪ್ಪತ್ತೈದು, ಶನಿವಾರ ಕಾರ್ಯಕ್ರಮ. ಬೆಳಗಿನಿಂದ ಎಳ್ಳು ಹುರಿದೆ, ಹಾಲ್ ಗುಡಿಸಿದೆ, ಚಮಚಗಳನ್ನು ಬಿದಿರಿನ ಬುಟ್ಟಿಯಲ್ಲಿ ಹೂವಿನ ಹಾಗೆ ಜೋಡಿಸಿದೆ. ಮಧ್ಯಾಹ್ನ ತಿಳಿ ನೇರಳೆ ಇಳಕಲ್ ಸೀರೆಯನ್ನು ಇಸ್ತ್ರಿ ಮಾಡಲು ತೆಗೆದೆ. ತೇಜಶ್ರೀ ಸೀರೆಯನ್ನು ನೋಡಿದಳು, ನನ್ನನ್ನು ನೋಡಿದಳು, ಕೋಣೆಗೆ ಹೋದಳು. ಗುಸುಗುಸು. ಐದು ನಿಮಿಷಕ್ಕೆ ಪ್ರಭು ಬೈಕಿನ ಕೀಲಿ ಆಡಿಸುತ್ತ ಬಂದ.

"ಅವ್ವಾ, ಚಲ, ಫುಟಾಳಾ ತಲಾವಿಗೆ ಹೋಗಿ ಬರೋಣು. ಭಾಳ ದಿನ ಆತು ನೀ ಹೊರಗ ಬಂದಿಲ್ಲ."

"ಈಗ? ಮಂದಿ ಬರೋ ಹೊತ್ತಿನ್ಯಾಗ?"

"ಅದಕ್ಕ..."

"ಅದಕ್ಕ ಅಂದ್ರ?"

"ಗದ್ದಲ ಆಗ್ತೈತಿ. ನಿನಗ ಸುಮ್ನ ತ್ರಾಸ."

ನನ್ನ ಮುಖ ನೋಡದೆ ಗೋಡೆಯ ಕ್ಯಾಲೆಂಡರ್ ನೋಡುತ್ತ ಹೇಳಿದ. ನನಗೆ ಅರ್ಥವಾಯಿತು. ಗಂಡ ಸತ್ತವಳ ಕೈ ಎಳ್ಳು ಹುರಿಯಬಹುದು, ನೆಲ ಒರೆಸಬಹುದು, ಚಮಚ ಬಡಿದು ಉಗುರು ಕಳೆದುಕೊಳ್ಳಬಹುದು. ಮುತ್ತೈದೆಯರು ಬಂದಾಗ ಮಾತ್ರ ಕಣ್ಣಿಗೆ ಬೀಳಬಾರದು. ಜಗಳ ಮಾಡಬೇಕಿತ್ತು. ಮಾಡಲಿಲ್ಲ. ಸೀರೆಯನ್ನು ಮಡಚಿ ಒಳಗಿಟ್ಟು, ಉಟ್ಟ ಸೀರೆಯಲ್ಲೇ ಅವನ ಬೈಕಿನ ಹಿಂದೆ ಕೂತು ಹೋದೆ.

ಕೆರೆಯ ದಂಡೆಯಲ್ಲಿ ಮೆಕ್ಕೆತೆನೆ ಕೊಡಿಸಿದ. ಗಾಡಿಯವನು ನೂರು ತೆನೆಗೆ ಉಜ್ಜಿದ ಅದೇ ನಿಂಬೆ ಹೋಳನ್ನು ಕಪ್ಪು ಉಪ್ಪಿನಲ್ಲಿ ಅದ್ದಿ ನನ್ನ ತೆನೆಗೂ ಉಜ್ಜಿದ, ಬೆವರು ಒರೆಸಿದ ಕೈಯಿಂದಲೇ. ನನಗೆ ವಾಕರಿಕೆ ಬಂತು. ಅದು ನಿಂಬೆಯದೋ ಮಗನದೋ ತಿಳಿಯಲಿಲ್ಲ. ಅವನು ಎರಡು ನಿಮಿಷಕ್ಕೊಮ್ಮೆ ಮೊಬೈಲ್ ನೋಡುತ್ತಿದ್ದ, ಕರೆದುಕೊಂಡು ಬರಬಹುದು ಎಂಬ ಹೆಂಡತಿಯ ಸಂದೇಶಕ್ಕಾಗಿ ಕಾಯುತ್ತ. ಹೆತ್ತ ತಾಯಿಯನ್ನು ಹೊತ್ತು ಕಳೆಯಲು ತಿರುಗಾಡಿಸುತ್ತಿದ್ದ ಆ ಮುಖ ನೋಡಲಾಗಲಿಲ್ಲ. ಹೆಬ್ಬೆರಳು ಸಿಡಿಯುತ್ತಿದೆ, ಗುಳಿಗೆ ಮನೆಯಲ್ಲಿದೆ, ಈಗಲೇ ನಡೆ ಎಂದು ಹಟ ಹಿಡಿದು ವಾಪಸ್ ಬಂದೆ.

ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಹಿಂದಿನ ಮೆಟ್ಟಿಲಿನಿಂದ ಅಡುಗೆಮನೆಗೆ ಹೋದೆ. ನೋಡು, ನನ್ನ ಮನೆಗೆ ನಾನು ಹಿಂಬಾಗಿಲಿನಿಂದ ಹೋದೆ, ಯಾರೂ ಹೇಳದೆಯೇ! ಹಾಲ್‌ನಲ್ಲಿ ಚಮಚಗಳ ಗುಣಗಾನ ನಡೆದಿತ್ತು. ಎಲ್ಲಿಂದ ತರಿಸಿದೆ, ಯಾರು ಮಾಡಿದರು ಎಂದು ಯಾರೋ ಕೇಳಿದರು. ಸೊಸೆ ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದೆ. ಪುಣೆಯ ಯಾವುದೋ ಬಚತ್ ಗಟ್, ಮಹಿಳಾ ಸ್ವಸಹಾಯ ಸಂಘ ಅಂತೆ, ಆನ್‌ಲೈನ್‌ನಲ್ಲಿ ತರಿಸಿದ್ದಂತೆ. ಮೇಲೆ ಒಂದು ಮಾತು ಬೇರೆ ಸೇರಿಸಿದಳು, ಅಲ್ಲಿ ಕೆಲಸ ಮಾಡುವವರೆಲ್ಲ ಮುತ್ತೈದೆಯರೇ ಅಂತೆ.

ಥೂ! ಅಡುಗೆಮನೆಯ ಸಿಂಕಿನಲ್ಲಿ ಉಗುಳಿದೆ, ನಿಜವಾಗಿ ಉಗುಳಿದೆ. ಅಷ್ಟರಲ್ಲಿ ಕೆಳಗಿನ ಮನೆಯ ವಸುಧಾತಾಯಿ ನೀರಿಗೆಂದು ಒಳಗೆ ಬಂದರು. ನನ್ನನ್ನು ಕಂಡರು, ಬೆರಳಿನ ಪಟ್ಟಿಯನ್ನು ಕಂಡರು. ಇಪ್ಪತ್ತು ದಿನ ಗಚ್ಚಿಯ ಮೇಲಿನ ಠಕ್ ಠಕ್ ಅವರ ನೆತ್ತಿಯ ಮೇಲೇ ಆಗಿದೆಯಲ್ಲ, ಹೇಳಬೇಕಾದ ಅಗತ್ಯವೇ ಇರಲಿಲ್ಲ. ನನ್ನ ಮೊಣಕೈ ಹಿಡಿದು ಹಾಲ್‌ಗೆ ಎಳೆದುಕೊಂಡು ಹೋಗಿ, "ಅಗಂ ತೇಜಶ್ರೀ, ಕಾರಾಗೀರ್ ತರ ಇಥೇಚ್ ಆಹೇ" ಎಂದರು. ಕುಶಲಗಾರಳು ಇಲ್ಲೇ ಇದ್ದಾಳಲ್ಲೇ ಎಂದು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು ಪಾಪ.

ಒಬ್ಬಳು ಸೆರಗನ್ನು ಹತ್ತಿರ ಎಳೆದುಕೊಂಡು ಸರಿದು ಕೂತಳು, ಒದ್ದೆ ನಾಯಿ ಮೈ ಕೊಡವಿದಾಗ ಸರಿಯುವ ಹಾಗೆ. ಇನ್ನೊಬ್ಬಳು ಕೈಯಲ್ಲಿದ್ದ ಚಮಚವನ್ನು ಸೋಫಾದ ತೋಳಿನ ಮೇಲಿಟ್ಟು ಕರವಸ್ತ್ರದಿಂದ ಬೆರಳು ಒರೆಸಿಕೊಂಡಳು. ಎಲ್ಲರೂ ಹಾಗೆ ಮಾಡಿದರು ಎನ್ನಲಾರೆ. ಕೆಲವರು ನಕ್ಕು ಮಾತನಾಡಿಸಿದರು. ಆದರೆ ನನ್ನ ಕಣ್ಣು ಆ ಕರವಸ್ತ್ರವನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಕಸದ ಗಾಡಿ ಬರುವ ಮುಂಚೆ ನಮ್ಮ ಡಬ್ಬಿ ಇಡಲು ಗೇಟಿಗೆ ಹೋದೆ. ಕಾಲೋನಿಯ ದೊಡ್ಡ ಡ್ರಮ್ಮಿನಲ್ಲಿ ಏನೋ ಮಿನುಗಿತು. ನನ್ನ ಗಾಜಿನ ಮಣಿ. ಕೈ ಹಾಕಿದೆ ನೀಲಾ, ಬರಿಗೈ. ಕೋಳಿ ಮೂಳೆ, ಹುಳಿತ ಅನ್ನ, ಯಾರದೋ ಕೂಸಿನ ಡೈಪರ್, ಅದರ ನಡುವೆ ಒಂದೊಂದಾಗಿ ಒಂಬತ್ತು ಚಮಚ ಸಿಕ್ಕವು. ಮೊಗ್ರಾ ಎಂದು ಬರೆದದ್ದಕ್ಕೆ ಅರಿಶಿನ ಕುಂಕುಮ ಹತ್ತಿಕೊಂಡೇ ಇತ್ತು. ಲಕ್ಷಣವಾಗಿ ತಟ್ಟೆಯಿಂದ ತೆಗೆದುಕೊಂಡು, ಮನೆಗೆ ಒಯ್ಯುವ ಮೊದಲು ಗೇಟಿನಲ್ಲೇ ಎಸೆದಿದ್ದರು. ನಾನು ಮುಟ್ಟಿದ್ದು ಅವರ ಮನೆಯ ತುಳಸಿಯ ಬುಡಕ್ಕೂ ಬೇಡವಾಗಿತ್ತು.

ತೊಳೆಯದೆ ಹಾಗೇ ತಂದು ಊಟದ ಮೇಜಿನ ಮೇಲೆ ಸುರಿದೆ. ಪ್ರಭು ತರ್ರಿ ಪೋಹಾ, ಅದೇ ಖಾರದ ರಸ ಸುರಿದ ಅವಲಕ್ಕಿ ತಿನ್ನುತ್ತಿದ್ದ. ತಟ್ಟೆಯನ್ನು ಸರಕ್ಕನೆ ಎಳೆದುಕೊಂಡ.

"ಅವ್ವಾ! ತಿನ್ನೋ ಮುಂದ ಇದೇನ ಹೊಲಸು?"

"ನನ್ನ ಕೈ ಐತಿ. ನೋಡು."

"ಬಿಡ ಅವ್ವಾ, ದುನಿಯಾನ ಹಂಗ ಐತಿ. ಮಂದಿ ಮನಸಿಗೆ ನಾವೇನು ಮಾಡೂಣು" ಎಂದು ಇನ್ನೊಂದು ತುತ್ತು ಬಾಯಿಗೆ ಹಾಕಿಕೊಂಡ. ಆ ಎಣ್ಣೆಯ ಕೆಂಪು ಅವನ ತುಟಿಯ ಮೂಲೆಯಲ್ಲಿ ಇಳಿಯುತ್ತಿತ್ತು. ಹೆತ್ತ ಮಗನ ಬಾಯಿ ನೋಡಿ ಹೇಸಿಕೆ ಪಟ್ಟ ತಾಯಿ ಬೇರೆ ಯಾರಾದರೂ ಇದ್ದಾಳೋ ಇಲ್ಲವೋ.

ತೇಜಶ್ರೀ ಅಳಲು ಶುರು ಮಾಡಿದಳು. "ನಾ ಇದೆಲ್ಲಾ ನಂಬಂಗಿಲ್ರಿ ಅತ್ತಿ, ಶಪ್ಪತ್. ಲೋಕ ಏನಂತಾರ ಅಂತ ಅಂಜಿದೆ. ನಿಮಗ ಯಾರಾರ ಏನಾರ ಅಂದ್ರ ಅಂತ."

"ಯಾರೂ ಅನ್ನೂಕಿಂತ ಮೊದಲ ನೀ ಅಂದೀಯಲ್ಲ" ಎಂದೆ. "ಕೊರಳಾಗ ಲಿಂಗ ಕಟ್ಟಿಕೊಂಡ ಮನಿ ಇದು. ನಮಗ ಸಾವಿನ ಸೂತಕಾನ ಇಲ್ಲ ಅಂತಾರ. ಸತ್ತವರ ಹೇಂತಿಗೆ ಎಲ್ಲಿಂದ ಬಂತವಾ ಸೂತಕ? ನಂಬದ ಮಾಡೂದು ನಂಬಿ ಮಾಡೂದಕ್ಕಿಂತ ಹೊಲಸು."

ಚೆನ್ನಾಗಿ ಹೇಳಿದೆ ಅಲ್ಲವೇ? ನನಗೂ ಹಾಗೇ ಅನಿಸಿತು. ಆ ದಿನವೆಲ್ಲ ತಲೆ ಎತ್ತಿಕೊಂಡು ಓಡಾಡಿದೆ. ಮೈದುನ ಬಸವಂತ ಹೋದ ಮೇಲೆ ಇದನ್ನೆಲ್ಲ ನೀನು ನನಗಿಂತ ಮೊದಲೇ ಕಂಡವಳು, ಅದಕ್ಕೇ ಇಷ್ಟು ಬಿಚ್ಚಿ ಬರೆಯುತ್ತಿದ್ದೇನೆ.

ಒಂಬತ್ತು ಚಮಚಗಳನ್ನೂ ಮತ್ತೆ ಕುದಿಸಿ ತೊಳೆದು ನನ್ನ ಕುಂಡಗಳಿಗೇ ಚುಚ್ಚಿದ್ದೇನೆ. ತೇಜಶ್ರೀಯ ಗೆಳತಿಯೊಬ್ಬಳು ತನ್ನ ಅಂಗಡಿಗೆ ಐವತ್ತು ಬೇಕೆಂದು ಕೇಳಿದ್ದಾಳಂತೆ. ಮಾಡುತ್ತೇನೆ, ಆದರೆ ಪ್ರತಿಯೊಂದರ ಹಿಂದೆ 'ಜಯವ್ವ ಮಹಾಂತಪ್ಪ' ಎಂದು ನನ್ನ ಹೆಸರು ಹೊಡೆಯುತ್ತೇನೆ, ಕೇಳಿದವರಿಗೆ ನಾನು ಯಾರೆಂದು ಹೇಳಬೇಕು, ಹೇಸುವವರು ಕೊಳ್ಳದೆ ಇರಲಿ ಎಂದೆ. ತೇಜಶ್ರೀ ಹೂಂ ಎಂದಿದ್ದಾಳೆ. ನಿನ್ನೆ ಗಚ್ಚಿಗೆ ಬಂದು ನನ್ನ ಪಕ್ಕ ಕೂತು ಮೂರು ಚಮಚಕ್ಕೆ ಬಣ್ಣ ಹಚ್ಚಿದಳು. ಅವಳನ್ನು ಕಂಡರೆ ಇನ್ನೂ ಮೈ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ. ಬಣ್ಣ ಮಾತ್ರ ನೀಟಾಗಿ ಹಚ್ಚುತ್ತಾಳೆ.

ನಿನ್ನ ಮಂಡಿನೋವು ಹೇಗಿದೆ? ಧಾರವಾಡದ ಚಳಿ ಇಳಿಯಿತೇ? ಇಲ್ಲಿ ಈಗಲೇ ಬಿಸಿಲು ಕಣ್ಣು ಬಿಡುತ್ತಿದೆ. ಶಾಲೆಯ ಮಕ್ಕಳ ನಡುವೆ ನೀನು ನೂರು ಕಾಲ ನಗುನಗುತ್ತ ಇರು. ಆ ಶಿವ ನಿನ್ನ ಕೈಕಾಲು ಗಟ್ಟಿಯಾಗಿ ಇಟ್ಟಿರಲಿ. ಪ್ರಭು ಮತ್ತು ತೇಜಶ್ರೀ ನಮಸ್ಕಾರ ಹೇಳಿದ್ದಾರೆ. ಹೇಳಿಲ್ಲ, ಆದರೆ ಕೇಳಿದ್ದರೆ ಹೇಳುತ್ತಿದ್ದರು.

ಇಂತಿ ನಿನ್ನ ಪ್ರೀತಿಯ
ಜಯಕ್ಕ

ತಾ.ಕ.: ಪತ್ರವನ್ನು ಮಡಚಿ ಲಕೋಟೆಗೆ ಹಾಕಿದ್ದೆ. ಅಂಟಿಸಲು ಆಗಲಿಲ್ಲ. ಎರಡು ದಿನ ಹಾಗೇ ಇಟ್ಟು ಇವತ್ತು ಮತ್ತೆ ಬಿಚ್ಚಿದ್ದೇನೆ.

ಹಳದಿ-ಕುಂಕು ನಮ್ಮ ಮನೆಯಲ್ಲಿ ಇರಲೇ ಇಲ್ಲ. ಮಹಾಲಿನಲ್ಲಿ ಅಕ್ಕಪಕ್ಕದವರನ್ನು ನೋಡಿ, ಅವರ ಸರಿಸಮ ಆಗಬೇಕೆಂದು ಶುರು ಮಾಡಿದವಳು ನಾನು. ಬಸವಂತ ಕಾಂಪ್ಟಿ ರಸ್ತೆಯಲ್ಲಿ ಲಾರಿಗೆ ಸಿಕ್ಕು ಹೋದ ಎರಡನೆಯ ವರ್ಷ, 2003ರ ಸಂಕ್ರಾಂತಿ. ಅವತ್ತಿನ ಎಳ್ಳುಂಡೆ ಎಲ್ಲ ನೀನೇ ಕಟ್ಟಿದ್ದೆ. ಬಂದವರಿಗೆ ನಾನೇ ಕಟ್ಟಿದ್ದು ಎಂದೆ. ನಿನ್ನನ್ನು ಅಟ್ಟದ ಕೋಣೆಗೆ ಕಳಿಸಿದೆ, ಸ್ವಲ್ಪ ಮಲಗಿಕೋ ಎಂದು. ನೀನು ಮೆಟ್ಟಿಲು ಹತ್ತಿ ಹೋದೆ. ಆಮೇಲೆ ಹೊರಗಿನಿಂದ ಚಿಲಕ ಬಿತ್ತು. ನೀನು ಮೂರು ಸಲ ಬಾಗಿಲು ಬಡಿದದ್ದು ಕೆಳಗೆ ನನಗೆ ಕೇಳಿಸಿತು. ಬೇರೆ ಯಾರಿಗೂ ಕೇಳಿಸದಿರಲಿ ಎಂದು ನಾನು ಜೋರಾಗಿ ಹಾಡು ಹೇಳಿದೆ. ಎರಡು ತಾಸಿನ ಮೇಲೆ ಬಾಗಿಲು ತೆಗೆದಾಗ ನೀನು ಬಚ್ಚಲಿಗೆ ಓಡಿದೆ. ನಿನ್ನ ಸೀರೆ ಒದ್ದೆಯಾಗಿತ್ತು.

ಪ್ರಭು ಆಟಕ್ಕೆ ಚಿಲಕ ಹಾಕಿರಬೇಕು ಎಂದು ನಾನು ಅವನ ಬೆನ್ನಿಗೆ ನಾಲ್ಕು ಬಾರಿಸಿದೆ. ನೀನು ಒದ್ದೆ ಸೀರೆಯಲ್ಲೇ ಬಂದು ಅವನನ್ನು ಬಾಚಿ ಅಪ್ಪಿಕೊಂಡು, "ಹೊಡಿಬ್ಯಾಡ್ರಿ ಅಕ್ಕಾರ, ಕೂಸು ಅದು" ಎಂದೆ. ಮುಂದಿನ ವಾರ ಧಾರವಾಡಕ್ಕೆ ಹೊರಟುಹೋದೆ. ನೀಲಾಗೆ ನೌಕರಿ ಸಿಕ್ಕಿತು ಎಂದು ಇಪ್ಪತ್ತೆರಡು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ತೇಜಶ್ರೀ ಸುಳ್ಳು ಹೇಳಿದಳು, ಅಷ್ಟೇ. ಚಿಲಕ ಹಾಕಲಿಲ್ಲ.

ಹಾಕಿದವಳು ನಾನು. ಪ್ರಭುವಿಗೆ ಆಗ ಆರು ವರ್ಷ. ಆ ಚಿಲಕ ಬಾಗಿಲಿನ ಮೇಲ್ತುದಿಯಲ್ಲಿತ್ತು, ಅವನ ಕೈ ಎಟುಕುತ್ತಿರಲಿಲ್ಲ. ಅದು ನಿನಗೆ ಅವತ್ತೇ ಗೊತ್ತಿತ್ತು, ಅಲ್ಲವೇ?